ಗಾಡಿಯೊಳಗಿನ ಹಾಡು, ಚಾವಣಿ ಮೇಲಿನ ಡಿಶ್

ಗುಬ್ಬಿಯಿಂದಲೋ ಕುಣಿಗಲ್‌ನಿಂದಲೋ ಧರ್ಮಸ್ಥಳ, ಶಬರಿಮಲೆ, ಶಿರಡಿಗೆ ಟಿ.ಟಿ. (ಟೆಂಪೊ ಟ್ರಾವೆಲರ್) ಗೊತ್ತು ಮಾಡುವವರು ಬಾಡಿಗೆಯ ಮಾತು ಮುಗಿದ ಮೇಲೆ ಕೇಳುವುದು ಎರಡೇ ವಿಷಯ: ಎ.ಸಿ. ಇದೆಯಾ? ಟಿವಿ, ಸೌಂಡ್ ಚೆನ್ನಾಗಿದೆಯಾ? ಮೊದಲನೆಯದಕ್ಕೆ ಹೌದು ಅಥವಾ ಇಲ್ಲ ಎಂದರೆ ಆಯಿತು. ಎರಡನೆಯದು ಮಾಲೀಕನನ್ನು ಖರ್ಚಿಗೆ ಎಳೆಯುವ ಪ್ರಶ್ನೆ. ಪಕ್ಕದ ಗಾಡಿಯಲ್ಲಿ ದೊಡ್ಡ ಪರದೆ ಬಂದರೆ ಇವನಿಗೂ ಬೇಕು. ಅಲ್ಲಿ ಒಂದು ಬಾಸ್ ಟ್ಯೂಬ್ ಇದ್ದರೆ ಇಲ್ಲಿ ಎರಡು. ಕೊನೆಗೆ ಯಾರೋ ಒಬ್ಬರು, ಚಾವಣಿ ಮೇಲೆ ಒಂದು ಡಿಶ್ ಕೂರಿಸಿದರೆ ಹೇಗೆ, ಎಂದು ಕೇಳಿಯೇ ಕೇಳುತ್ತಾರೆ.

ತುಮಕೂರು ಸೀಮೆಗೆ ಈ ಪ್ರಶ್ನೆ ಸಹಜವಾದದ್ದು. ಬೆಂಗಳೂರು–ಪುಣೆ ಹೆದ್ದಾರಿ ನಗರಕ್ಕೆ ತಾಗಿಕೊಂಡೇ ಹೋಗುತ್ತದೆ. ಬಿ.ಎಚ್. ರಸ್ತೆ ಗುಬ್ಬಿ, ತಿಪಟೂರಿನತ್ತ ಸಾಗಿದರೆ, ಮಂಗಳೂರಿನ ಹೆದ್ದಾರಿ ಕುಣಿಗಲ್, ಎಡೆಯೂರು ದಾಟಿ ಹಾಸನದ ಕಡೆ ಇಳಿಯುತ್ತದೆ. ಸಿದ್ಧಗಂಗೆ, ಎಡೆಯೂರು, ಗೊರವನಹಳ್ಳಿ, ದೇವರಾಯನದುರ್ಗಗಳಿಗೆ ಬರುವ ವಾಹನಗಳ ಜೊತೆಗೆ ಇಲ್ಲಿಂದ ಹೊರಡುವ ಯಾತ್ರೆಯ ವಾಹನಗಳೂ ಸೇರುತ್ತವೆ. ವಿದೇಶದ ಪತ್ರಿಕೆಗಳಲ್ಲಿ ಮೋಟಾರ್‌ಹೋಮ್ ಎಂದು ಕಾಣುವ, ಹಾಸಿಗೆ, ಒಲೆ, ಶೌಚಾಲಯಗಳೆಲ್ಲ ಇರುವ ಗಾಡಿ ಇಲ್ಲಿ ಅಪರೂಪ. ರಾಜ್ಯದ 2020–25ರ ಪ್ರವಾಸೋದ್ಯಮ ನೀತಿ ಕಾರವಾನ್ ಪ್ರವಾಸಕ್ಕೆ ಜಾಗ ಕೊಟ್ಟ ಮೇಲೆ ಬೆಂಗಳೂರಿನಿಂದ ಬಾಡಿಗೆಗೆ ಸಿಗುವ ಕಾರವಾನ್‌ಗಳು ಈ ದಾರಿಗಳಲ್ಲೂ ಕಾಣುತ್ತವೆ. ಸಿನಿಮಾದವರ ಕಾರವಾನ್‌ಗಳಂತೂ ಮೊದಲಿಂದಲೂ ಇದ್ದವು. ಆದರೆ ನಾಲ್ಕೈದು ದಿನ ಒಂದು ಕುಟುಂಬ ಉಂಡು, ಮಲಗಿ, ಜಗಳವಾಡಿ, ರಾಜಿಯಾಗಿ ಬದುಕುವ ಗಾಡಿ ಎಂಬ ಅರ್ಥದಲ್ಲಿ ನಮ್ಮ ಮೋಟಾರ್‌ಹೋಮ್ ಟಿ.ಟಿ.ಯೇ. ಹಿಂದಿನ ಸೀಟಿನ ಕೆಳಗೆ ಗ್ಯಾಸ್ ಸ್ಟೌ, ಚಾವಣಿಯ ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ ಇಟ್ಟುಕೊಂಡು ಹೊರಟ ಗಾಡಿಗೆ ಬೇರೆ ಹೆಸರು ಬೇಕಿಲ್ಲ.

ಇಂಥ ಗಾಡಿಗೆ ಹಾಡು, ಚಿತ್ರ ಒದಗಿಸುವಾಗ ಹಣ ಪೋಲಾಗುವುದು ಕಳಪೆ ಸಾಮಾನು ಕೊಂಡದ್ದರಿಂದಲ್ಲ, ಕೊಳ್ಳುವ ಕ್ರಮ ತಲೆಕೆಳಗಾದದ್ದರಿಂದ. ಕಣ್ಣಿಗೆ ಕಾಣುವ ಪರದೆ, ಸ್ಪೀಕರ್ ಮೊದಲು ಬರುತ್ತವೆ. ಬ್ಯಾಟರಿ, ವೈರು, ಫ್ಯೂಸುಗಳ ಕಡೆ ನೋಡುವುದು ಏನಾದರೂ ಸುಟ್ಟ ಮೇಲೆ. ಈ ಸಮೀಕ್ಷೆ ಆ ಕ್ರಮವನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತದೆ.

ನಡೆದು ಬಂದ ದಾರಿ

ಊರೂರು ಸುತ್ತುವಾಗ ಮನರಂಜನೆಯನ್ನು ಜೊತೆಗೇ ಹೊತ್ತೊಯ್ಯುವುದು ಈ ನೆಲಕ್ಕೆ ಹೊಸದಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿನುದ್ದಕ್ಕೂ ಹೆಸರಾದ ಚನ್ನಬಸವೇಶ್ವರ ನಾಟಕ ಕಂಪನಿ ಪರದೆ, ದೀಪ, ಪಾತ್ರೆ ಪಡಗಗಳ ಸಮೇತ ತಿರುಗಿದ ಸಂಸಾರ. ನಟರು ಮೈಕಿಲ್ಲದೆ ಕೊನೆಯ ಸಾಲಿಗೆ ಮಾತು ಮುಟ್ಟಿಸುತ್ತಿದ್ದ ಕಾಲ ಅದು. ಪೆಟ್ಟಿಗೆ ದೊಡ್ಡದಾದಷ್ಟೂ ಹಾಡು ಚೆಂದ ಎಂಬ ನಂಬಿಕೆ ಹುಟ್ಟಿದ್ದು ಬಹಳ ಆಮೇಲೆ.

ಬಸ್ಸುಗಳಿಗೆ ಮೊದಲು ಬಂದದ್ದು ಕ್ಯಾಸೆಟ್. ಡ್ರೈವರ್ ತಲೆಯ ಮೇಲೆ ಡೆಕ್, ಹಿಂದೆ ಎರಡು ಸ್ಪೀಕರ್. ಭಾವಗೀತೆ, ಜನಪದ ಗೀತೆ, ಸಿನಿಮಾ ಹಾಡುಗಳು ಹಳ್ಳಿ ಹಳ್ಳಿಗೆ ತಲುಪಿದ್ದರಲ್ಲಿ ಖಾಸಗಿ ಬಸ್ಸುಗಳ ಪಾಲು ದೊಡ್ಡದು. ಎಂಬತ್ತರ ದಶಕದಲ್ಲಿ ರಾತ್ರಿ ಬಸ್ಸುಗಳ ಮೈಮೇಲೆ ‘ವಿಡಿಯೊ ಕೋಚ್’ ಎಂದು ಬರೆಸಿಕೊಳ್ಳುವುದು ಪ್ರತಿಷ್ಠೆಯಾಯಿತು. ಆಮೇಲೆ ನೂರಾರು ಹಾಡು ತುಂಬಿದ ಎಂಪಿ3 ಸಿ.ಡಿ., ಅದರ ಹಿಂದೆ ಪೆನ್‌ಡ್ರೈವ್, ಈಗ ಬ್ಲೂಟೂತ್. ಉಪಕರಣ ಪ್ರತಿ ಸಲ ಬದಲಾಯಿತು. ವೈರಿಂಗ್ ಮಾತ್ರ ಎಷ್ಟೋ ಗಾಡಿಗಳಲ್ಲಿ ಕ್ಯಾಸೆಟ್ ಕಾಲದ್ದೇ ಉಳಿಯಿತು.

ಉಪಗ್ರಹ ಟಿವಿಯ ಕಥೆ ಬೇರೆ ದಿಕ್ಕಿನಿಂದ ಬಂತು. ಕರ್ನಾಟಕದಲ್ಲಿ ಅದನ್ನು ಮೊದಲು ಕಂಡದ್ದು ನಗರಗಳಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ಶಿಕ್ಷಣ ಟಿವಿ (ಸೈಟ್) ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಕಾರ್ಯಕ್ರಮಗಳನ್ನು ಜಾಲರಿ ಹೆಣೆದ ದೊಡ್ಡ ಡಿಶ್‌ಗಳಿಂದ ನೋಡಿದವರು ಬಿಜಾಪುರ, ಗುಲ್ಬರ್ಗ, ರಾಯಚೂರಿನ ಹಳ್ಳಿಗರು. 1994ರಲ್ಲಿ ಉದಯ ಟಿವಿ ಬಂದಾಗ ಅದು ಮನೆ ತಲುಪಿದ್ದು ಕೇಬಲ್ ಮೂಲಕ. ಮನೆಯ ಮೇಲೇ ಸಣ್ಣ ಡಿಶ್ ಇಡುವ ಡಿಟಿಎಚ್ ಯುಗ 2003ರಲ್ಲಿ ಡಿಶ್ ಟಿವಿಯಿಂದ ಶುರುವಾಯಿತು. 2004ರ ಡಿಸೆಂಬರ್‌ನಲ್ಲಿ ದೂರದರ್ಶನದ ಉಚಿತ ಸೇವೆ, 2006ರಲ್ಲಿ ಟಾಟಾ ಸ್ಕೈ (ಈಗಿನ ಟಾಟಾ ಪ್ಲೇ), ಅದರ ಹಿಂದೆಯೇ ಸನ್ ಡೈರೆಕ್ಟ್, ಏರ್‌ಟೆಲ್ ಬಂದವು. ಡಿಶ್ ಅರವತ್ತು ಸೆಂಟಿಮೀಟರಿಗೆ ಇಳಿದಾಗಲೇ ಅದನ್ನು ಗಾಡಿಯಲ್ಲಿ ಒಯ್ಯುವ ಯೋಚನೆಗೂ ಅರ್ಥ ಬಂದದ್ದು.

ಮೊದಲ ಖರ್ಚು: ಬ್ಯಾಟರಿ, ವೈರು

ದೊಡ್ಡ ಬಸ್ಸುಗಳದ್ದು 24 ವೋಲ್ಟ್, ಟಿ.ಟಿ.ಯದ್ದು 12 ವೋಲ್ಟ್. ಈ ಒಂದು ವ್ಯತ್ಯಾಸ ಮರೆತು ಆದ ಅನಾಹುತಗಳು ಹಲವು. ಬಸ್ಸಿನಲ್ಲಿ ಎರಡು ಬ್ಯಾಟರಿಗಳನ್ನು ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಡೆಕ್‌ಗೆ 12 ವೋಲ್ಟ್ ಬೇಕೆಂದು ಅವುಗಳಲ್ಲಿ ಒಂದರಿಂದ ಮಾತ್ರ ತಂತಿ ಎಳೆಯುವುದು ನಮ್ಮ ಕಡೆ ಹಳೆಯ ರೂಢಿ. ಆ ಬ್ಯಾಟರಿ ದಿನವೂ ಅರೆಹೊಟ್ಟೆಯಲ್ಲಿರುತ್ತದೆ, ಇನ್ನೊಂದಕ್ಕೆ ಅಗತ್ಯಕ್ಕಿಂತ ಹೆಚ್ಚು ಚಾರ್ಜ್ ಬೀಳುತ್ತದೆ. ಎರಡೂ ಬೇಗ ಸಾಯುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿದರೆ ಮುಗಿಯಿತು. ಅದರ ಬೆಲೆ ಒಂದು ಬ್ಯಾಟರಿಗಿಂತ ಎಷ್ಟೋ ಕಡಿಮೆ.

ನಿಂತ ಗಾಡಿಯಲ್ಲಿ ಎಂಜಿನ್ ಆಫ್ ಮಾಡಿ ಟಿವಿ ನೋಡುವವರು ಎರಡನೆಯ ಬ್ಯಾಟರಿ ಇಟ್ಟುಕೊಳ್ಳುವುದು ಅನಿವಾರ್ಯ. ಲೆಕ್ಕ ಸರಳ. 24 ಇಂಚಿನ ಎಲ್‌ಇಡಿ ಟಿವಿ ಸುಮಾರು 30 ವಾಟ್ ಎಳೆಯುತ್ತದೆ, ಸೆಟ್‌ಟಾಪ್ ಬಾಕ್ಸ್ 10ರಿಂದ 15, ಹದವಾದ ಸದ್ದಿನಲ್ಲಿ ಆಂಪ್ಲಿಫೈಯರ್ 40–50. ಒಟ್ಟು 100 ವಾಟ್ ಎಂದುಕೊಂಡು 5 ಗಂಟೆ ನಡೆಸಿದರೆ 500 ವಾಟ್-ಅವರ್. 12 ವೋಲ್ಟ್ ಬ್ಯಾಟರಿಯಲ್ಲಿ ಸುಮಾರು 42 ಆಂಪಿಯರ್-ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂಬುದರಿಂದ 100 ಆಂಪಿಯರ್-ಅವರ್ ಬ್ಯಾಟರಿಯೊಂದು ಒಂದು ಸಂಜೆಗೆ ಸರಿಹೋಗುತ್ತದೆ, ಎರಡನೆಯ ಸಂಜೆಗೆ ಸಾಲದು. ಲಿಥಿಯಂ ಫಾಸ್ಫೇಟ್ ಬ್ಯಾಟರಿಯಾದರೆ ಶೇ 80ರಷ್ಟನ್ನು ಬಳಸಬಹುದು, ತೂಕವೂ ಕಡಿಮೆ. ಬೆಲೆ ಮಾತ್ರ ಜಾಸ್ತಿ. ಅದನ್ನು ಎಂಜಿನ್ ಪಕ್ಕದ ಬಿಸಿಯಲ್ಲಿ ಇಡಬಾರದು. ಗಾಡಿಯ ಆಲ್ಟರ್ನೇಟರ್‌ಗೆ ನೇರವಾಗಿ ಜೋಡಿಸದೆ ಡಿಸಿ-ಡಿಸಿ ಚಾರ್ಜರ್ ಮೂಲಕವೇ ಜೋಡಿಸಬೇಕು.

ಬಿಸಿಲಿಗಂತೂ ಬರವಿಲ್ಲ. 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೇ ಜಿಲ್ಲೆಯ ಪಾವಗಡದಲ್ಲಿ ತಲೆಯೆತ್ತಿರುವುದು ಸುಮ್ಮನೆ ಅಲ್ಲ. ಚಾವಣಿಯ ಮೇಲೆ 200 ವಾಟ್‌ನ ಫಲಕ ಮಲಗಿಸಿದರೆ ಮೋಡವಿಲ್ಲದ ದಿನ 700–800 ವಾಟ್-ಅವರ್ ಸಿಗುತ್ತದೆ. ಮೇಲಿನ ಸಂಜೆಯ ಲೆಕ್ಕ ಅದರಲ್ಲೇ ತೀರುತ್ತದೆ. ಗಾಡಿಯನ್ನು ಹುಣಸೆ ಮರದ ನೆರಳಿಗೆ ನಿಲ್ಲಿಸಿದರೆ ಈ ಲೆಕ್ಕ ಕೆಡುತ್ತದೆ. ನೆರಳು ಬೇಕೋ ಕರೆಂಟು ಬೇಕೋ ಎಂಬುದನ್ನು ಬೇಸಿಗೆಯಲ್ಲಿ ದಿನಾ ತೀರ್ಮಾನಿಸಬೇಕಾಗುತ್ತದೆ.

ಇನ್ವರ್ಟರ್ ಇಲ್ಲದೆ ಟಿವಿ ನಡೆಯುವುದಿಲ್ಲ ಎಂದು ಹಲವರು ತಿಳಿದಿದ್ದಾರೆ. ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ತಿರುಗಿಸಿ ಓದಿದರೆ ಸಾಮಾನ್ಯವಾಗಿ ಕಾಣುವುದು ‘ಔಟ್‌ಪುಟ್ 12 ವೋಲ್ಟ್’ ಎಂಬ ಸಾಲು. ಸಣ್ಣ ಟಿವಿಗಳಲ್ಲೂ 12 ವೋಲ್ಟ್‌ನವು ಸಿಗುತ್ತವೆ. ಬ್ಯಾಟರಿಯ 12 ವೋಲ್ಟನ್ನು 230ಕ್ಕೆ ಏರಿಸಿ, ಮತ್ತೆ 12ಕ್ಕೆ ಇಳಿಸಿ, ಎರಡೂ ಕಡೆ ಸೋರಿಕೆ ಕೊಡುವ ಬದಲು ವೋಲ್ಟೇಜ್ ಸ್ಥಿರವಾಗಿಡುವ ಒಂದು ಸಣ್ಣ ಕನ್ವರ್ಟರ್ ಮೂಲಕ ನೇರವಾಗಿ ಕೊಟ್ಟರೆ ಸಾಕು. ಸ್ಥಿರವಾಗಿಡುವುದು ಮುಖ್ಯ: ಗಾಡಿ ಓಡುವಾಗ ‘12 ವೋಲ್ಟ್’ ಎನ್ನುವುದು 14 ದಾಟಿರುತ್ತದೆ.

ವೈರಿನ ದಪ್ಪದಲ್ಲಿ ಉಳಿಸಿದ ಹಣ ಸದ್ದಿನಲ್ಲಿ ಸೋರುತ್ತದೆ. ಮುಂದಿನ ಬ್ಯಾಟರಿಯಿಂದ ಹಿಂದಿನ ಆಂಪ್ಲಿಫೈಯರ್‌ಗೆ 5 ಮೀಟರ್ ದೂರ ಎಂದುಕೊಳ್ಳಿ. ಹೋಗಿ ಬರಲು 10 ಮೀಟರ್ ತಾಮ್ರ. ಮನೆಗೆ ಬಳಸುವ 2.5 ಚದರ ಮಿ.ಮೀ. ವೈರಿನಲ್ಲಿ 20 ಆಂಪಿಯರ್ ಹರಿದರೆ ದಾರಿಯಲ್ಲೇ ಒಂದೂವರೆ ವೋಲ್ಟ್ ಕಳೆದುಹೋಗಿ ವೈರು ಬಿಸಿಯಾಗುತ್ತದೆ. 10 ಚದರ ಮಿ.ಮೀ. ವೈರಿನಲ್ಲಿ ಅದೇ ನಷ್ಟ ಅರ್ಧ ವೋಲ್ಟಿಗಿಂತ ಕಡಿಮೆ. ಇನ್ನು ಫ್ಯೂಸು: ಅದು ಇರಬೇಕಾದ್ದು ಬ್ಯಾಟರಿಯ ಪಕ್ಕದಲ್ಲೇ. ಆಂಪ್ಲಿಫೈಯರ್ ಹತ್ತಿರ ಫ್ಯೂಸ್ ಹಾಕಿ ನಿಶ್ಚಿಂತರಾದವರ ಗಾಡಿಯಲ್ಲಿ ನಡುವಿನ ಐದು ಮೀಟರ್ ತಂತಿಗೆ ಯಾವ ಕಾವಲೂ ಇರುವುದಿಲ್ಲ. ಸೀಟಿನ ಕಬ್ಬಿಣಕ್ಕೆ ಉಜ್ಜಿ ಸಿಪ್ಪೆ ಸುಲಿದ ದಿನ ಬೆಂಕಿ ಖಚಿತ. 2013ರ ಅಕ್ಟೋಬರ್ ಕೊನೆಯಲ್ಲಿ ಮೆಹಬೂಬ್‌ನಗರದ ಪಾಲೆಂ ಬಳಿ, ಎರಡೇ ವಾರದಲ್ಲಿ ಹಾವೇರಿ ಬಳಿ ಬೆಂಗಳೂರಿನಿಂದ ಹೊರಟ ಬಸ್ಸುಗಳು ಹೊತ್ತಿ ಉರಿದದ್ದನ್ನು ನಾಡು ಮರೆತಿಲ್ಲ. ಅಲ್ಲಿ ನಡೆದದ್ದು ಡಿಕ್ಕಿ. ಆಡಿಯೊ ವೈರಿಂಗ್‌ಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಫೋಮ್, ರೆಕ್ಸಿನ್, ಪರದೆ, ಪ್ಲೈವುಡ್ ತುಂಬಿದ ಮುಚ್ಚಿದ ಗಾಡಿಯಲ್ಲಿ ಬೆಂಕಿ ಎಷ್ಟು ನಿಮಿಷ ಕೊಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಎರಡನೆಯದು: ಸದ್ದಿನ ಲೆಕ್ಕ

ಅಂಗಡಿಯಲ್ಲಿ ಪೆಟ್ಟಿಗೆ ಮೇಲೆ 4,000 ವಾಟ್ ಎಂದು ಬರೆದಿರುತ್ತದೆ. ಹಿಂಬದಿಯಲ್ಲಿರುವ ಫ್ಯೂಸು ಅದರ ನಿಜ ಹೇಳುತ್ತದೆ. 10 ಆಂಪಿಯರ್ ಫ್ಯೂಸ್ ಇರುವ ಡೆಕ್ 14.4 ವೋಲ್ಟಿನಲ್ಲಿ 144 ವಾಟ್‌ಗಿಂತ ಹೆಚ್ಚು ಎಳೆಯಲಾರದು. ಅದರಲ್ಲೂ ಅರ್ಧದ ಹತ್ತಿರ ಬಿಸಿಯಾಗಿ ಹೋಗುತ್ತದೆ. ‘ನಾಲ್ಕು ಗುಣಿಸು ಐವತ್ತು’ ಎಂಬ ಡೆಕ್‌ನಿಂದ ನಿರಂತರವಾಗಿ ಸಿಗುವುದು ಒಂದೊಂದು ಸ್ಪೀಕರಿಗೆ 18–20 ವಾಟ್. ನೋಡಬೇಕಾದ ಅಂಕಿ ಈ ನಿರಂತರ ಶಕ್ತಿಯನ್ನು ಹೇಳುವ ಆರ್‌ಎಂಎಸ್ ಒಂದೇ.

ಕಿವಿ ಕೂಡ ವಾಟ್‌ಗಳಿಗೆ ಜಗ್ಗುವುದಿಲ್ಲ. ವಾಟ್ ದುಪ್ಪಟ್ಟು ಮಾಡಿದರೆ ಸದ್ದು ಏರುವುದು 3 ಡೆಸಿಬಲ್. ‘ಸ್ವಲ್ಪ ಜಾಸ್ತಿಯಾಯಿತು’ ಎನ್ನಿಸುವಷ್ಟು. ಎರಡು ಪಟ್ಟು ಜೋರಾಗಿ ಕೇಳಬೇಕಾದರೆ ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ವಾಟ್. ಇದೇ ಲೆಕ್ಕ ನಮ್ಮ ಪರವಾಗಿಯೂ ಕೆಲಸ ಮಾಡುತ್ತದೆ. ಸ್ಪೀಕರಿನ ಹಿಂದೆ ‘ಸೆನ್ಸಿಟಿವಿಟಿ’ ಎಂದು ಒಂದು ಅಂಕಿ ಇರುತ್ತದೆ. 86 ಡೆಸಿಬಲ್ ಬದಲು 92 ಇರುವುದನ್ನು ಆರಿಸಿದರೆ ಆಂಪ್ಲಿಫೈಯರ್ ನಾಲ್ಕು ಪಟ್ಟು ದೊಡ್ಡದು ಮಾಡಿದ ಫಲ, ಬ್ಯಾಟರಿಗೆ ಭಾರವಿಲ್ಲದೆ.

ಅದಕ್ಕಿಂತ ಅಗ್ಗದ ದಾರಿ ಗಾಡಿಯನ್ನೇ ಮೌನವಾಗಿಸುವುದು. ಡೀಸೆಲ್ ಎಂಜಿನ್, ಟೈರು, ಗಾಳಿ, ನಡುಗುವ ತಗಡು ಎಲ್ಲ ಸೇರಿ ಓಡುವ ಗಾಡಿಯಲ್ಲಿ 70 ಡೆಸಿಬಲ್ ಸುಲಭವಾಗಿ ದಾಟುತ್ತದೆ. ಹಾಡು ಅದನ್ನು ಮೀರಬೇಕು ಎಂದೇ ನಾವು ವಾಲ್ಯೂಮ್ ತಿರುಗಿಸುತ್ತಾ ಹೋಗುವುದು. ಬಾಗಿಲಿನ ತಗಡಿಗೆ, ಎಂಜಿನ್ ಬಾನೆಟ್ಟಿನ ಅಡಿಗೆ ಡ್ಯಾಂಪಿಂಗ್ ಶೀಟ್ ಅಂಟಿಸಿ, ಕಿಟಕಿಯ ಹಳೆಯ ರಬ್ಬರ್ ಬದಲಿಸಿ, ಸಡಿಲ ಪ್ಯಾನೆಲ್‌ಗಳಿಗೆ ಸ್ಕ್ರೂ ಬಿಗಿದರೆ ಹಳೆಯ ಸ್ಪೀಕರ್‌ಗಳೇ ಹೊಸದಾಗಿ ಕೇಳುತ್ತವೆ. ಬಾಗಿಲು ನಡುಗುತ್ತಿರುವಾಗ ಅದರೊಳಗೆ ದುಬಾರಿ ಸ್ಪೀಕರ್ ಕೂರಿಸುವುದು ತೂತು ಬಿಂದಿಗೆಗೆ ಕಲಾಯಿ ಹಾಕಿಸಿದಂತೆ.

ಜಾಗದ ಪ್ರಶ್ನೆಯೂ ಇದೆ. ಹಿಂದೆ ಎರಡು ದೈತ್ಯ ಪೆಟ್ಟಿಗೆ ಇಟ್ಟರೆ ಕೊನೆಯ ಸೀಟಿನವರಿಗೆ ಕಿವಿಗಡಚು, ಮುಂದಿನವರಿಗೆ ಬರೀ ಗುಂಯ್‌. ಹನ್ನೆರಡು ಹದಿನೇಳು ಸೀಟಿನ ಗಾಡಿಗೆ ಚಾವಣಿಯ ಅಂಚಿನಲ್ಲಿ ಆರು ಸಣ್ಣ ಸ್ಪೀಕರ್, ತಗ್ಗು ಸ್ವರಗಳಿಗೆ ಸೀಟಿನಡಿ ಒಂದು ಸಣ್ಣ ಊಫರ್ ಇಟ್ಟರೆ ಎಲ್ಲರಿಗೂ ಸಮನಾಗಿ, ಕಡಿಮೆ ಸದ್ದಿನಲ್ಲೇ ಕೇಳುತ್ತದೆ. ಮುಂದಿನ ಭಾಗದ ಸದ್ದನ್ನು ಪ್ರತ್ಯೇಕವಾಗಿ ಏರಿಳಿಸುವ ವ್ಯವಸ್ಥೆ ಇರಲೇಬೇಕು: ಹಿಂದಿನವರು ಮಲಗಿದಾಗ ಚಾಲಕನಿಗೆ ಹಾಡು ಬೇಕು, ಹಿಂದಿನವರು ಕುಣಿಯುವಾಗ ಅವನಿಗೆ ಹಾರ್ನ್ ಕೇಳಬೇಕು.

ಎಂಜಿನ್ ಏರಿದಂತೆ ಸ್ಪೀಕರ್‌ನಲ್ಲಿ ಕೀರಲು ಸದ್ದೊಂದು ಏರುತ್ತದೆ ಎಂಬುದು ಎಲ್ಲ ಗಾಡಿಗಳ ದೂರು. ತಪ್ಪು ಸ್ಪೀಕರಿನದ್ದಲ್ಲ. ಡೆಕ್ ಒಂದು ಕಡೆ, ಆಂಪ್ಲಿಫೈಯರ್ ಇನ್ನೊಂದು ಕಡೆ ಬಾಡಿಗೆ ಅರ್ಥ್ ಆಗಿದ್ದಾಗ ಆಲ್ಟರ್ನೇಟರಿನ ಸದ್ದು ಆ ದಾರಿಯಿಂದ ಒಳಬರುತ್ತದೆ. ಎರಡನ್ನೂ ಒಂದೇ ಬಿಂದುವಿಗೆ, ಬಣ್ಣ ಕೆರೆದ ಶುದ್ಧ ಲೋಹಕ್ಕೆ ಅರ್ಥ್ ಮಾಡಿ, ಸಿಗ್ನಲ್ ವೈರನ್ನು ಪವರ್ ವೈರಿನಿಂದ ದೂರ ಎಳೆದರೆ ಬಹುಪಾಲು ಹೋಗುತ್ತದೆ. ಅಗ್ಗದ, ಶುದ್ಧ ಸೈನ್ ವೇವ್ ಅಲ್ಲದ ಇನ್ವರ್ಟರ್ ಇದ್ದರೆ ಅದೂ ಗುಂಯ್‌ಗುಡುತ್ತದೆ. ಅದನ್ನು ಬಿಡಬೇಕಾದ್ದಕ್ಕೆ ಇನ್ನೊಂದು ಕಾರಣ ಇದು.

ರೇಡಿಯೊ ಮರೆತುಹೋದ ವಸ್ತುವಾದರೂ ಖರ್ಚಿಲ್ಲದ್ದು. ಬೆಂಗಳೂರಿನ ಎಫ್‌ಎಂಗಳು ತುಮಕೂರಿನತ್ತ ಬಂದಂತೆ ಕ್ಷೀಣಿಸುತ್ತವೆ. ನಗರದೊಳಗೆ ಸಮುದಾಯ ಬಾನುಲಿ ರೇಡಿಯೊ ಸಿದ್ಧಾರ್ಥ ಕೇಳುತ್ತದೆ. ಹಾಸನ, ಚಿತ್ರದುರ್ಗದ ಕಡೆ ಹೋದಂತೆ ಅಲ್ಲಿನ ಆಕಾಶವಾಣಿ ಕೈಹಿಡಿಯುತ್ತದೆ. ತುಕ್ಕು ಹಿಡಿದ ಆಂಟೆನಾ ಬದಲಿಸುವ ಸಣ್ಣ ಖರ್ಚು ಇಲ್ಲಿ ಹೊಸ ಡೆಕ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಪರದೆ

ಪರದೆಯ ವಿಷಯ ಚಿಕ್ಕದು. ಗೋಡೆಗೆ ಹಾಕುವ ಬ್ರಾಕೆಟ್ ಹಳ್ಳಗುಂಡಿಯ ರಸ್ತೆಗೆ ತಡೆಯುವುದಿಲ್ಲ. ಟಿವಿಯ ಕೆಳ ಅಂಚಿಗೂ ಆಸರೆ, ನಡುವೆ ರಬ್ಬರ್ ಬುಷ್ ಇರಬೇಕು. ಚಾಲಕನ ನೋಟಕ್ಕೆ ಪರದೆಯಾಗಲಿ, ಗಾಜಿನಲ್ಲಿ ಅದರ ಪ್ರತಿಬಿಂಬವಾಗಲಿ ಬೀಳಬಾರದು. ಹಿಂದಿನ ಸೀಟಿನವರಿಗೆ ಕಾಣುವುದಿಲ್ಲವೆಂದು ಮುಂದೆ 43 ಇಂಚು ನೇತುಹಾಕುವುದಕ್ಕಿಂತ ನಡುವೆ ಇನ್ನೊಂದು ಸಣ್ಣ ಪರದೆ ಇಡುವುದು ತೂಕಕ್ಕೂ ತಲೆಗೂ ಕ್ಷೇಮ.

ಡಿಶ್: ಆಕಾಶದ ಯಾವ ಮೂಲೆ?

ಡಿಶ್ ವಿಷಯಕ್ಕೆ ಬಂದರೆ ವಿದೇಶಿ ಸಲಹೆಗಳು ಇಲ್ಲಿ ಅರ್ಧ ಮಾತ್ರ ನಡೆಯುತ್ತವೆ. ಯೂರೋಪಿನ ಮೋಟಾರ್‌ಹೋಮ್ ಕ್ಯಾಂಪಿಂಗ್ ತಾಣದಲ್ಲಿ ದಿನಗಟ್ಟಲೆ ನಿಲ್ಲುತ್ತದೆ, ಅಲ್ಲಿ ಕರೆಂಟಿನ ಪ್ಲಗ್ ಇರುತ್ತದೆ. ಚಾವಣಿಯ ಮೇಲೆ ತಾನೇ ಎದ್ದು ಉಪಗ್ರಹ ಹುಡುಕುವ ಡಿಶ್‌ಗೆ ಅಲ್ಲಿ ಕೆಲಸವಿದೆ. ನಮ್ಮ ಗಾಡಿ ನಿಲ್ಲುವುದು ದೇವಸ್ಥಾನದ ಪಾರ್ಕಿಂಗ್‌ನಲ್ಲಿ, ಅದೂ ಒಂದು ರಾತ್ರಿ; ಕೆಲವೊಮ್ಮೆ ರಾತ್ರಿಯಿಡೀ ಓಡುತ್ತಲೇ ಇರುತ್ತದೆ.

ಓಡುವಾಗ ಡಿಶ್ ಯಾಕೆ ಆಗದು? ಟಿವಿ ಉಪಗ್ರಹಗಳು ಸಮಭಾಜಕದ ನೆತ್ತಿಯ ಮೇಲೆ ಸುಮಾರು 35,786 ಕಿ.ಮೀ. ಎತ್ತರದಲ್ಲಿವೆ. ಅರವತ್ತು ಸೆಂಟಿಮೀಟರ್ ಡಿಶ್ ನೋಡುವ ಆಕಾಶದ ಅಗಲ ಹೆಚ್ಚೆಂದರೆ 3 ಡಿಗ್ರಿ. ಗಾಡಿ ಒಂದು ತಿರುವು ತೆಗೆದುಕೊಂಡರೂ ಗುರಿ ತಪ್ಪುತ್ತದೆ. ಓಡುತ್ತಲೇ ಗುರಿ ಹಿಡಿಯುವ, ಹಡಗುಗಳಿಗೆಂದು ಬೆಳೆದ ಗುಮ್ಮಟದಾಕಾರದ ಆಂಟೆನಾಗಳಿವೆ. ಅವುಗಳ ಬೆಲೆಗೆ ನಮ್ಮಲ್ಲಿ ಗಾಡಿಯ ಇಡೀ ಒಳಾಂಗಣ ಹೊಸದಾಗುತ್ತದೆ.

ನಿಂತ ಗಾಡಿಗಾದರೆ ನಮ್ಮ ಭೂಗೋಳವೇ ಅನುಕೂಲ. ತುಮಕೂರಿನಲ್ಲಿ ನಿಂತು ದೂರದರ್ಶನದ ಫ್ರೀ ಡಿಶ್ ಸಿಗುವ 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ರ ಕಡೆ ನೋಡಬೇಕಾದರೆ ಆಗ್ನೇಯಕ್ಕೆ, ಉತ್ತರದಿಂದ ಅಳೆದರೆ ಸುಮಾರು 128 ಡಿಗ್ರಿಗೆ ಮುಖ ಮಾಡಿ 65 ಡಿಗ್ರಿ ಎತ್ತಬೇಕು. ಟಾಟಾ ಪ್ಲೇಯ 83 ಡಿಗ್ರಿಗೆ ದಿಕ್ಕು 156, ಎತ್ತರ 73. ಏರ್‌ಟೆಲ್‌ನ 108.2ಕ್ಕೆ ದಿಕ್ಕು 111, ಎತ್ತರ 51. ಗುಬ್ಬಿ, ಕುಣಿಗಲ್‌ಗೂ ಇವೇ ಅಂಕಿ, ಒಂದರ್ಧ ಡಿಗ್ರಿ ಆಚೀಚೆ. ಲಂಡನ್ನಿನಲ್ಲಿ ಅಲ್ಲಿನ ಟಿವಿ ಉಪಗ್ರಹ ಕಾಣುವುದು ಬರೀ 25 ಡಿಗ್ರಿ ಎತ್ತರದಲ್ಲಿ. ಹೀಗಾಗಿ ಡಿಶ್‌ಗಿಂತ 10 ಮೀಟರ್ ಎತ್ತರದ ಮರವೊಂದು ಅಡ್ಡ ಬಾರದಿರಲು ಅಲ್ಲಿ 21 ಮೀಟರ್ ದೂರ ನಿಲ್ಲಬೇಕು. ಇಲ್ಲಿ ಫ್ರೀ ಡಿಶ್‌ಗೆ 5 ಮೀಟರ್ ಸಾಕು. ಬಸ್ಸುಗಳ ಸಾಲಿನ ನಡುವೆ, ಮಠದ ಗೋಡೆಯ ಪಕ್ಕದಲ್ಲಿ, ಘಟ್ಟದ ಕಣಿವೆಯಲ್ಲೂ ನಮಗೆ ಆಕಾಶ ಸಿಗುತ್ತದೆ.

ಇದೇ ಎತ್ತರ ಆಮದು ಸಾಮಾನಿಗೆ ತೊಡಕು. ಯೂರೋಪಿಗೆಂದು ಮಾಡಿದ ಎಷ್ಟೋ ಸ್ವಯಂಚಾಲಿತ ಡಿಶ್‌ಗಳು 70 ಡಿಗ್ರಿ ಆಸುಪಾಸಿಗಿಂತ ಮೇಲೆ ಎದ್ದು ನೋಡಲಾರವು. 83 ಡಿಗ್ರಿಯ ಉಪಗ್ರಹ ತುಮಕೂರಿನಲ್ಲೇ 73, ಕನ್ಯಾಕುಮಾರಿಯಲ್ಲಿ 78 ದಾಟುತ್ತದೆ. ಅಮೆರಿಕದ ಆರ್‌ವಿ ಡಿಶ್‌ಗಳದ್ದು ಬೇರೆ ಸಮಸ್ಯೆ: ಅಲ್ಲಿನ ಡಿಟಿಎಚ್ ತರಂಗಗಳು ವೃತ್ತಾಕಾರದ ಧ್ರುವೀಕರಣದವು, ನಮ್ಮವು ಅಡ್ಡ-ಲಂಬ. ತರಂಗ ಹಿಡಿಯುವ ಎಲ್‌ಎನ್‌ಬಿ ಭಾಗವನ್ನು ಬದಲಿಸದೆ ಅವು ಇಲ್ಲಿ ಕುರುಡು. ಅಮೆರಿಕದ ನೆಂಟರು ಕಳಿಸಿದ ಪೆಟ್ಟಿಗೆ ಬಿಚ್ಚುವ ಮೊದಲು ಇದನ್ನು ವಿಚಾರಿಸುವುದು ಒಳ್ಳೆಯದು.

ಹಾಗಾಗಿ ನಮಗೆ ಹೊಂದುವುದು ಅತ್ಯಂತ ಸಾದಾ ವ್ಯವಸ್ಥೆ: ಮನೆಯ ಡಿಶ್ಶೇ, ಮಡಚುವ ಮೂರುಕಾಲಿನ ಸ್ಟ್ಯಾಂಡ್ ಮೇಲೆ, ಹತ್ತು ಮೀಟರ್ ಆರ್‌ಜಿ-6 ಕೇಬಲ್, ಗಾಡಿಯ ಪಕ್ಕದಲ್ಲಿ ನೀರು ನುಗ್ಗದ ಸಾಕೆಟ್ಟು. ಮೊಬೈಲಿನ ದಿಕ್ಸೂಚಿಯಿಂದ ದಿಕ್ಕು ನೋಡಿ, ಸ್ಟ್ಯಾಂಡ್ ಮಟ್ಟವಾಗಿದೆಯೇ ಎಂದು ನೋಡಿ, ನಿಧಾನವಾಗಿ ತಿರುಗಿಸಿದರೆ ಕೈ ಪಳಗಿದವರಿಗೆ ಹತ್ತು ನಿಮಿಷದ ಕೆಲಸ. ಎಚ್ಚರ ಬೇಕಾದ್ದು ಒಂದೇ ಕಡೆ. 93.5 ಮತ್ತು 95 ಡಿಗ್ರಿಗಳ ಉಪಗ್ರಹಗಳ ನಡುವೆ ಬರೀ ಒಂದೂವರೆ ಡಿಗ್ರಿ ಅಂತರ. ಸಿಗ್ನಲ್ ಮೀಟರ್ ಚೆನ್ನಾಗಿ ಏರಿದರೂ ಚಾನೆಲ್ ಬಾರದಿದ್ದರೆ ಪಕ್ಕದವನ ಉಪಗ್ರಹ ಹಿಡಿದಿದ್ದೀರಿ ಎಂದರ್ಥ. ಮುಂಗಾರಿನ ಜೋರು ಮಳೆಗೆ ಚಿತ್ರ ಹೋಗುವುದು ಮನೆಯಲ್ಲಿದ್ದಂತೆ ಇಲ್ಲಿಯೂ ಇದ್ದದ್ದೇ. ಚಾವಣಿಗೆ ಡಿಶ್ ಬಿಗಿದು ತೂತು ಕೊರೆಸಿದವರಿಗೆ ಎರಡನೇ ಮಳೆಗಾಲಕ್ಕೆ ತುಕ್ಕು, ಸೋರಿಕೆ ಕಾಣಿಸಿಕೊಳ್ಳುತ್ತದೆ.

ಹಣದ ದೃಷ್ಟಿಯಿಂದ ಫ್ರೀ ಡಿಶ್ ಅಪರೂಪಕ್ಕೆ ಹೊರಡುವವರಿಗೆ ಹೇಳಿ ಮಾಡಿಸಿದ್ದು: ಒಮ್ಮೆ ಸುಮಾರು 2,000 ರೂಪಾಯಿ, ಆಮೇಲೆ ತಿಂಗಳ ರೀಚಾರ್ಜ್ ಇಲ್ಲ. ಚಂದನ ಸಿಗುತ್ತದೆ, ಜನಪ್ರಿಯ ಕನ್ನಡ ಧಾರಾವಾಹಿಗಳ ಚಾನೆಲ್‌ಗಳಿಗಾದರೆ ಪಾವತಿ ಸೇವೆಯೇ ಬೇಕು. ಮನೆಯ ಬಾಕ್ಸ್ ಕಳಚಿ ಒಯ್ದರೆ ದೇಶದಲ್ಲಿ ಎಲ್ಲಿ ಬೇಕಾದರೂ ಕೆಲಸ ಮಾಡುತ್ತದೆ. ಆದರೆ ಅದು ಸ್ವಂತ ಕುಟುಂಬದ ಗಾಡಿಗೆ ಮಾತ್ರ. ಬಾಡಿಗೆ ಗಾಡಿಯಲ್ಲಿ ಗಿರಾಕಿಗಳಿಗೆ ತೋರಿಸುವುದು ಮನೆಯ ಸಂಪರ್ಕದ ಷರತ್ತಿಗೆ ಹೊರಗಿನದು.

ಮೊಬೈಲ್ ಎಂಬ ಎದುರಾಳಿ

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಗಿ ಪ್ರತಿ ಸೀಟಿಗೂ ಒಂದು ಪರದೆ ಬಂತು. ಕ್ರಿಕೆಟ್, ಸುದ್ದಿ, ಧಾರಾವಾಹಿ ಎಲ್ಲ ಕೈಯಲ್ಲೇ. ಗಾಡಿಯ ಟಿವಿಗೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿ, ಹಾಟ್‌ಸ್ಪಾಟ್ ಕೊಟ್ಟರೆ ಹೆದ್ದಾರಿಯುದ್ದಕ್ಕೂ ಬಹುತೇಕ ತಡೆಯಿಲ್ಲದೆ ನಡೆಯುತ್ತದೆ. ಓಡುವ ಗಾಡಿಗೆ ಇದೇ ಉತ್ತರ; ಡಿಶ್ ಇಲ್ಲಿ ಸೋತಿದೆ.

ಆದರೆ ಸಕಲೇಶಪುರ ದಾಟಿ ಶಿರಾಡಿ ಘಾಟಿಗೆ ಇಳಿದಾಗ, ಕಾಡಂಚಿನ ತಂಗುದಾಣಗಳಲ್ಲಿ, ಜಾತ್ರೆಯ ದಿನ ಲಕ್ಷ ಜನರ ನಡುವೆ ಟವರ್ ಉಸಿರುಗಟ್ಟಿದಾಗ ಮೊಬೈಲ್ ಕೈಕೊಡುತ್ತದೆ. ಅಲ್ಲಿ ಡಿಶ್ ಯಾರ ಹಂಗಿಲ್ಲದೆ ಕೆಲಸ ಮಾಡುತ್ತದೆ. ಕುಣಿಗಲ್‌ನಿಂದ ಇದೇ ದಾರಿಯಲ್ಲಿ ಸಿಗುವ ಹಾಸನದಲ್ಲೇ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರವಿದೆ. ನಾವು ಹಿಡಿಯಲು ಒದ್ದಾಡುವ ಜಿಸ್ಯಾಟ್‌ಗಳನ್ನು ಆಕಾಶದಲ್ಲಿ ಅವುಗಳ ಜಾಗದಲ್ಲಿ ಹಿಡಿದಿಟ್ಟಿರುವುದು ಅಲ್ಲಿಂದಲೇ. ಇನ್ನೊಂದು ಸುಲಭ ದಾರಿಯೂ ಇದೆ: ಹೊರಡುವ ಹಿಂದಿನ ದಿನ ಮನೆಯ ವೈಫೈನಲ್ಲಿ ಹಾಡು, ಸಿನಿಮಾ ಇಳಿಸಿಕೊಳ್ಳುವುದು. ಮಕ್ಕಳಿರುವ ಗಾಡಿಗೆ ಇದರಷ್ಟು ನೆಚ್ಚಬಹುದಾದ ಏರ್ಪಾಡು ಬೇರೆಯಿಲ್ಲ.

ಮುಂದೆ ಬರಲಿರುವುದೂ ಟಿವಿ ಡಿಶ್ ಬೇಡದ ದಾರಿಯ ಕಡೆಗೇ ಬೊಟ್ಟು ಮಾಡುತ್ತದೆ. ಇಂಟರ್ನೆಟ್ ಇಲ್ಲದೆ ಟಿವಿ ಪ್ರಸಾರವನ್ನು ನೇರ ಮೊಬೈಲಿಗೆ ಕಳಿಸುವ ಡಿ2ಎಂ ತಂತ್ರಜ್ಞಾನದ ಚಿಪ್‌ಗಳನ್ನು ರೂಪಿಸಿದ್ದು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್. ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ಪರವಾನಗಿ ಸಿಕ್ಕಿತು. ಇವೆರಡೂ ನೆಲೆಯೂರಿದರೆ ಗಾಡಿಯ ಡಿಶ್‌ಗೆ ಈಗಿರುವ ಜಾಗ ಇನ್ನಷ್ಟು ಕಿರಿದಾಗುತ್ತದೆ.

ಕಾನೂನು, ಅಕ್ಕಪಕ್ಕದವರು

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗಿ ಗಾಡಿಯ ರೂಪ ಬದಲಿಸುವಂತಿಲ್ಲ. ಡೆಕ್, ಸ್ಪೀಕರ್ ಬದಲಿಸುವುದು ಅದರಡಿ ಬರುವ ಮಾತಲ್ಲ. ಸೀಟು ಕಿತ್ತು ಹಾಸಿಗೆ, ಒಲೆ ಹಾಕುವುದು, ಚಾವಣಿ ಎತ್ತರಿಸುವುದು ಬರುತ್ತದೆ. ಕಾರವಾನ್‌ಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಎಂಟು ವರ್ಷ ತುಂಬಿದ ಬಾಡಿಗೆ ಗಾಡಿಗೆ ವರ್ಷಕ್ಕೊಮ್ಮೆ ಅರ್ಹತಾ ತಪಾಸಣೆ, ಅಂದರೆ ಎಫ್‌ಸಿ ಆಗಬೇಕು. ಜೋತುಬಿದ್ದ ವೈರು, ನೆಲಕ್ಕೆ ಬಿಗಿಯದ ಬ್ಯಾಟರಿ ಆಗ ಕಣ್ಣಿಗೆ ಬೀಳುತ್ತವೆ. ಹೊಸದಾಗಿ ಹಾಕಿಸಿದ ಉಪಕರಣವನ್ನು ವಿಮೆಯಲ್ಲಿ ಪ್ರತ್ಯೇಕವಾಗಿ ನಮೂದಿಸದಿದ್ದರೆ ಕಳವಾದಾಗ ಪರಿಹಾರ ಕೇಳುವುದು ಕಷ್ಟ.

ಸದ್ದಿಗೂ ಮಿತಿ ಬಂದಿದೆ. 2021ರ ನವೆಂಬರ್‌ನಲ್ಲಿ ಹೈಕೋರ್ಟ್ ಸೂಚನೆಯ ಬಳಿಕ ಕೆಎಸ್‌ಆರ್‌ಟಿಸಿ ಬಸ್ಸುಗಳಲ್ಲಿ ಮೊಬೈಲಿನಿಂದ ಜೋರಾಗಿ ಹಾಡು, ವಿಡಿಯೊ ಹಾಕುವುದು ನಿಷಿದ್ಧವಾಯಿತು. 2022ರ ಅಕ್ಟೋಬರ್‌ನಲ್ಲಿ ಕೇರಳದ ವಡಕ್ಕಂಚೇರಿಯಲ್ಲಿ ಶಾಲಾ ಪ್ರವಾಸದ ಬಸ್ ಅಪಘಾತದಲ್ಲಿ ಒಂಬತ್ತು ಜನ ಸತ್ತ ಮೇಲೆ ಅಲ್ಲಿ ಪ್ರವಾಸಿ ಬಸ್ಸುಗಳ ಡಿಜೆ, ಲೇಸರ್ ದೀಪಗಳ ಮೇಲೆ ಬಿಗಿ ತಪಾಸಣೆ ಶುರುವಾಯಿತು. ಶಬರಿಮಲೆಗೆ ಹೊರಡುವ ತುಮಕೂರಿನ ಗಾಡಿಗಳಿಗೆ ಇದು ದೂರದ ಸುದ್ದಿಯಲ್ಲ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ದೇಶದೆಲ್ಲೆಡೆ ನಿರ್ಬಂಧವಿದೆ. ಬಾಗಿಲು ತೆರೆದಿಟ್ಟ ಗಾಡಿಯ ಸದ್ದು ಪಕ್ಕದಲ್ಲಿ ಮಲಗಿದ ಯಾತ್ರಿಕರಿಗೆ ಧ್ವನಿವರ್ಧಕವೇ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 40 ಗಂಟೆ ಕೇಳಬಹುದಾದ ಮಟ್ಟವನ್ನು 80 ಡೆಸಿಬಲ್‌ಗೆ ನಿಲ್ಲಿಸಿದೆ. ತಿಂಗಳಲ್ಲಿ ಇಪ್ಪತ್ತು ದಿನ ಸ್ಟೀರಿಂಗ್ ಹಿಂದೆ ಕೂರುವ ಚಾಲಕ ಆ ಮಿತಿಯನ್ನು ಯಾರದೋ ಸಂಭ್ರಮಕ್ಕಾಗಿ ದಾಟುತ್ತಿರುತ್ತಾನೆ. ಅವನ ಕಿವಿ ಯಾರ ಲೆಕ್ಕದಲ್ಲೂ ಇಲ್ಲ.

ಯಾರಿಗೆ ಏನು?

ಬಾಡಿಗೆ ಟಿ.ಟಿ. ಇಟ್ಟವರಿಗೆ ವೈರಿಂಗ್, ಸದ್ದಡಗಿಸುವ ಶೀಟು, ಆರು ಸಣ್ಣ ಸ್ಪೀಕರ್, ಒಳ್ಳೆಯ ಡೆಕ್, ಟಿವಿಗೊಂದು ಸ್ಟಿಕ್ ಸಾಕು, ಡಿಶ್ ಬೇಡ. ಸ್ವಂತ ಗಾಡಿಯಲ್ಲಿ ವರ್ಷಕ್ಕೆರಡು ಸಲ ಹೊರಡುವ ಕುಟುಂಬಕ್ಕೆ ಎರಡನೆಯ ಬ್ಯಾಟರಿ, ಬಯಸಿದರೆ ಸ್ಟ್ಯಾಂಡ್ ಮೇಲಿನ ಫ್ರೀ ಡಿಶ್. ಕಾರವಾನ್ ಕಟ್ಟಿಸಿ ಕಾಡು, ಘಟ್ಟ, ಕರಾವಳಿಯಲ್ಲಿ ದಿನಗಟ್ಟಲೆ ನಿಲ್ಲುವವರಿಗೆ ಮಾತ್ರ ಸೌರ ಫಲಕ, ಲಿಥಿಯಂ ಬ್ಯಾಟರಿ, ಪಾವತಿ ಡಿಟಿಎಚ್ ಎಲ್ಲಕ್ಕೂ ಅರ್ಥವಿದೆ. ಚಾವಣಿಯ ಸ್ವಯಂಚಾಲಿತ ಡಿಶ್ ಈ ಮೂವರಲ್ಲಿ ಕೊನೆಯವರ ಕೊನೆಯ ಖರ್ಚು.

ಯಾರಾದರೂ ಸರಿ, ಬಜೆಟ್ಟಿನ ಅರ್ಧ ಕಣ್ಣಿಗೆ ಕಾಣದ ಕಡೆ ಹೋಗಲಿ. ಕ್ಯಾಸೆಟ್ ಹೋಯಿತು, ವಿ.ಸಿ.ಆರ್. ಹೋಯಿತು, ಸಿ.ಡಿ. ಹೋಯಿತು, ಇಂದಿನ ಡೆಕ್, ಟಿವಿ, ಡಿಶ್‌ಗಳಿಗೂ ಐದಾರು ವರ್ಷಕ್ಕಿಂತ ಹೆಚ್ಚಿನ ಆಯುಷ್ಯವಿಲ್ಲ. ದಪ್ಪ ತಾಮ್ರದ ವೈರು, ಸರಿಯಾದ ಜಾಗದ ಫ್ಯೂಸು, ನಡುಗದ ಬಾಗಿಲುಗಳಾದರೆ ಗಾಡಿ ಇರುವಷ್ಟು ಕಾಲ ಇರುತ್ತವೆ. ನಾಳೆ ಯಾವ ಹೊಸ ಪೆಟ್ಟಿಗೆ ಬಂದರೂ ಅದೇ ವೈರಿಗೆ ಸಿಕ್ಕಿಸಿದರೆ ಹಾಡುತ್ತದೆ.